ವೆಬ್ ಫಾರಮುಗಳಲ್ಲಿ ಪೂರ್ಣ ಪೋಸ್ಟ್‌ಬ್ಯಾಕ್ ಮತ್ತು ಆಂಶಿಕ ನವೀಕರಣ: ಶಾಸನಸೂಚಿಯ ಒಂದು ಅನುಭವ

ಶಾಸನ, ಓಲೆ, ಕಡತ, ಕೈಫಿಯತ್ತು ಮೊದಲಾದ ಆಕರಗಳನ್ನು ಪರಿಶೀಲಿಸುವಾಗ ಅವು ಯಾರಿಂದ, ಎಂದು, ಯಾವ ಸಾಧನದಿಂದ ಬರೆಯಲ್ಪಟ್ಟುವೆಂಬುದನ್ನು ಮೊದಲು ವಿಚಾರಿಸಿಕೊಳ್ಳುವುದು ಇತಿಹಾಸದ ಅಭ್ಯಾಸಿಗಳಿಗೆ ರೂಢಿಯಾದ ಕ್ರಮವಷ್ಟೆ. ಒಂದು ತಾಮ್ರಪಟವು ಕೂಟಶಾಸನವೋ ಅಲ್ಲವೋ ಎಂದು ನಿರ್ಣಯಿಸುವುದಕ್ಕೆ ಲಿಪಿಯನ್ನೂ ಮುದ್ರೆಯನ್ನೂ ಬಳೆಯನ್ನೂ ನೋಡುತ್ತೇವೆ. ಆದರೆ ಅದೇ ಶಾಸನದ ವಿವರವನ್ನು ಗಣಕಯಂತ್ರದ ಸೂಚಿಯಿಂದ ಎತ್ತಿಕೊಳ್ಳುವಾಗ ಇಂತಹ ಪ್ರಶ್ನೆಯನ್ನು ಕೇಳುವವರು ವಿರಳ. ಸೂಚಿಯಲ್ಲಿ ಹಾಗಿದೆ ಎಂದ ಮಾತ್ರಕ್ಕೆ ಹಾಗೆಯೇ ಇರಬೇಕೆಂದು ಭಾವಿಸುತ್ತೇವೆ. ಆ ಸೂಚಿಯನ್ನು ತುಂಬಿದ ವೆಬ್ ಫಾರಂ ಎಂಬ ಸಾಧನವು ಹೇಗೆ ಕೆಲಸಮಾಡುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದು ಆಕರವಿಮರ್ಶೆಯ ಒಂದು ಭಾಗವೆಂದೇ ನಾವು ತಿಳಿಯುತ್ತೇವೆ. ಪ್ರಸ್ತುತ ಲೇಖನದ ಉದ್ದೇಶ ಅದನ್ನು ವಿವರಿಸುವುದು.

ಇದಕ್ಕೆ ನಿಮಿತ್ತವಾದ ಸಂಗತಿಯನ್ನು ಮೊದಲು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾವು ಕೆಲವರು ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೂ ವೀರಗಲ್ಲುಗಳಿಗೂ ಒಂದು ಸೂಚಿಯನ್ನು ಸಿದ್ಧಪಡಿಸತೊಡಗಿದೆವು. ಊರು, ತಾಲ್ಲೂಕು, ಕಾಲ, ರಾಜವಂಶ, ಪಾಠ, ಛಾಯಾಚಿತ್ರ ಇವನ್ನು ತುಂಬುವುದಕ್ಕೆ ಒಂದು ಫಾರಂ ಬೇಕಾಯಿತು. ಪರಿಚಿತರೊಬ್ಬರು ಮೈಕ್ರೊಸಾಫ್ಟ್ ಸಂಸ್ಥೆಯ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರಮ್ಸ್ ಎಂಬ ಚೌಕಟ್ಟಿನಲ್ಲಿ ಅದನ್ನು ಮಾಡಿಕೊಟ್ಟರು. ಮುಂದೆ ಅದನ್ನು ತಿದ್ದುವ ಹೊಣೆ ನಮ್ಮ ಮೇಲೆಯೇ ಬಿದ್ದಿತು. ಆ ಸೂಚಿಯಲ್ಲಿ ಎರಡು ಬಾರಿ ದೊಡ್ಡ ತಪ್ಪುಗಳು ನುಸುಳಿದುವು. ಮೊದಲನೆಯ ತಪ್ಪು ಪೂರ್ಣ ಪೋಸ್ಟ್‌ಬ್ಯಾಕಿನ ಸ್ವಭಾವವನ್ನು ಅರಿಯದುದರಿಂದಲೂ ಎರಡನೆಯದು ಆಂಶಿಕ ನವೀಕರಣದ ಸ್ವಭಾವವನ್ನು ಅರಿಯದುದರಿಂದಲೂ ಉಂಟಾಯಿತು. ಇವೆರಡೂ ಏನೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

೧

ವೆಬ್ ಎಂಬ ವ್ಯವಸ್ಥೆಯನ್ನು ಟಿಮ್ ಬರ್ನರ್ಸ್-ಲೀ ೧೯೮೯ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಪ್ರಸ್ತಾಪಿಸಿದಾಗ ಅದರ ಗುರಿ ಬರಹಗಳನ್ನು ಓದುವುದಾಗಿತ್ತು. ಬ್ರೌಸರ್ ಒಂದು ಪುಟವನ್ನು ಬೇಡುತ್ತದೆ. ಸರ್ವರ್ ಅದನ್ನು ಕೊಡುತ್ತದೆ. ಕೊಟ್ಟೊಡನೆ ಬೇಡಿದವರು ಯಾರೆಂಬುದನ್ನು ಮರೆಯುತ್ತದೆ. ಈ ಸಂಭಾಷಣೆಯ ನಿಯಮವಾದ ಎಚ್‌ಟಿಟಿಪಿಗೆ ನೆನಪೆಂಬುದೇ ಇಲ್ಲ. ಒಂದೊಂದು ಬೇಡಿಕೆಯೂ ಅದಕ್ಕೆ ಹೊಸ ಬೇಡಿಕೆಯೇ. ಓದುವುದಕ್ಕೆ ಇದರಿಂದ ಕೊರತೆಯೇನೂ ಇರಲಿಲ್ಲ. ಬಹು ಮಂದಿಗೆ ಏಕಕಾಲದಲ್ಲಿ ಪುಟಗಳನ್ನು ಒದಗಿಸುವುದಕ್ಕೆ ಈ ಮರೆವು ಅನುಕೂಲವೇ ಆಯಿತು.

ಬರೆಯುವ ಅವಕಾಶವನ್ನು ಕೊಟ್ಟದ್ದು ಫಾರಂ. ೧೯೯೫ರ ನವೆಂಬರಿನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ ೨.೦ ನಿರೂಪಣೆಯಲ್ಲಿ ಫಾರಮಿನ ಅಂಕಣಗಳೂ ಅವುಗಳನ್ನು ಕಳುಹಿಸುವ ಗೆಟ್, ಪೋಸ್ಟ್ ಎಂಬ ಎರಡು ವಿಧಾನಗಳೂ ವಿವರಿಸಲ್ಪಟ್ಟಿವೆ. ಗೆಟ್ ಎಂದರೆ ಏನನ್ನಾದರೂ ತರಿಸಿಕೊಳ್ಳುವುದು; ಪೋಸ್ಟ್ ಎಂದರೆ ತುಂಬಿದ್ದನ್ನು ಒಪ್ಪಿಸುವುದು. ಒಪ್ಪಿಸಿದೊಡನೆ ಹಳೆಯ ಪುಟ ಹೋಗಿ ಸರ್ವರ್ ಕಳುಹಿಸಿದ ಹೊಸ ಪುಟ ಪೂರ್ತಿಯಾಗಿ ಬರುತ್ತದೆ. ಅಂಚೆಯಲ್ಲಿ ಅರ್ಜಿಯನ್ನು ಕಳುಹಿಸಿ ಉತ್ತರವನ್ನು ಪಡೆಯುವ ಪದ್ಧತಿ ಇದು. ನಡುವೆ ಮಾತಿಲ್ಲ.

ಇಂತಹ ಪದ್ಧತಿ ವೆಬ್‌ನಿಂದಲೇ ಆರಂಭವಾಯಿತೆಂದು ತಿಳಿಯಬಾರದು. ಐಬಿಎಂ ಸಂಸ್ಥೆ ೧೯೭೧ರಲ್ಲಿ ತಂದ ೩೨೭೦ ಎಂಬ ಟರ್ಮಿನಲ್ಲುಗಳಲ್ಲಿಯೂ ಗುಮಾಸ್ತನು ತೆರೆಯ ಮೇಲಿನ ಅಂಕಣಗಳನ್ನು ತುಂಬಿ ಎಂಟರ್ ಗುಂಡಿಯನ್ನು ಒತ್ತಿದ ಮೇಲೆಯೇ ಅವು ದೊಡ್ಡ ಗಣಕಕ್ಕೆ ಹೋಗುತ್ತಿದ್ದುವು. ಆ ಟರ್ಮಿನಲ್ಲು ಯಾವ ಅಂಕಣ ಬದಲಾಯಿತೆಂಬುದಕ್ಕೆ ಒಂದು ಗುರುತನ್ನು ಇಟ್ಟುಕೊಂಡು, ಬದಲಾದವನ್ನು ಮಾತ್ರ ಕಳುಹಿಸಬಲ್ಲುದಾಗಿತ್ತು. ಎಲ್ಲವನ್ನೂ ಕಳುಹಿಸಬೇಕೆ, ಬದಲಾದದ್ದನ್ನು ಮಾತ್ರವೆ ಎಂಬ ಪ್ರಶ್ನೆ ವೆಬ್‌ಗಿಂತ ಹಿರಿದಾದುದೆಂಬುದು ಇದರಿಂದ ಸ್ಪಷ್ಟ.

೨

೨೦೦೨ರಲ್ಲಿ ಬಂದ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರಮ್ಸ್ ಈ ಮರೆಗುಳಿ ವ್ಯವಸ್ಥೆಯ ಮೇಲೆ ನೆನಪಿನ ಒಂದು ಭ್ರಮೆಯನ್ನು ಕಟ್ಟಿತು. ಅದುವರೆಗೆ ಮೇಜಿನ ಗಣಕಗಳಿಗೆ ಕಾರ್ಯಕ್ರಮಗಳನ್ನು ಬರೆಯುತ್ತಿದ್ದವರು ಗುಂಡಿಯೊಂದನ್ನು ಒತ್ತಿದಾಗ ಏನಾಗಬೇಕೆಂಬುದನ್ನು ನೇರವಾಗಿ ಬರೆದು ರೂಢಿಯಾಗಿದ್ದರು. ವೆಬ್ ಪುಟಕ್ಕೂ ಅದೇ ರೀತಿಯಲ್ಲಿ ಬರೆಯಬಹುದೆಂಬುದೇ ಈ ಚೌಕಟ್ಟಿನ ಆಕರ್ಷಣೆ. ವಾಸ್ತವವಾಗಿ ಗುಂಡಿ ಇರುವುದು ಬ್ರೌಸರ್‌ನಲ್ಲಿ, ಅದಕ್ಕೆ ಉತ್ತರಿಸುವ ವಿಧಿ ಇರುವುದು ಸರ್ವರ್‌ನಲ್ಲಿ. ಆದುದರಿಂದ ಗುಂಡಿಯನ್ನು ಒತ್ತಿದೊಡನೆ ಇಡೀ ಪುಟದ ಫಾರಂ ಅದೇ ಪುಟದ ವಿಳಾಸಕ್ಕೆ ಮರಳಿ ಒಪ್ಪಿಸಲ್ಪಡುತ್ತದೆ. ಇದೇ ಪೋಸ್ಟ್‌ಬ್ಯಾಕ್. ಯಾವ ಗುಂಡಿ ಅಥವಾ ಯಾವ ಪಟ್ಟಿ ಇದಕ್ಕೆ ಕಾರಣವೆಂಬುದನ್ನು ಪುಟದಲ್ಲಿ ಅಡಗಿಸಿಟ್ಟ ಒಂದು ಅಂಕಣ ತಿಳಿಸುತ್ತದೆ.

ಆದರೆ ಸರ್ವರ್ ಮರೆತಿರುವುದಷ್ಟೆ? ಹಿಂದಿನ ಪುಟದಲ್ಲಿ ಏನೇನಿತ್ತೆಂಬುದನ್ನು ಅದು ತಿಳಿಯುವುದು ಹೇಗೆ? ಇದಕ್ಕಾಗಿ ವ್ಯೂಸ್ಟೇಟ್ ಎಂಬ ಇನ್ನೊಂದು ಅಡಗಿದ ಅಂಕಣವಿದೆ. ಪುಟದ ಸ್ಥಿತಿಯನ್ನೆಲ್ಲ ಸಂಕೇತಾಕ್ಷರಗಳಾಗಿ ಮಾಡಿ ಸರ್ವರ್ ಅದನ್ನು ಪುಟದೊಡನೆಯೇ ಬ್ರೌಸರ್‌ಗೆ ಕಳುಹಿಸುತ್ತದೆ. ಬ್ರೌಸರ್ ಪ್ರತಿಯೊಂದು ಪೋಸ್ಟ್‌ಬ್ಯಾಕಿನಲ್ಲಿಯೂ ಅದನ್ನು ಹಿಂದಕ್ಕೆ ತಂದೊಪ್ಪಿಸುತ್ತದೆ. ನಡುವೆ ಯಾರೂ ತಿದ್ದದಂತೆ ಅದಕ್ಕೊಂದು ಮುದ್ರೆಯೂ ಉಂಟು. ದಾನದ ತಾಮ್ರಪಟವನ್ನು ಪ್ರತಿಗ್ರಹೀತನ ಮನೆಯಲ್ಲಿಯೇ ಇರಿಸಿ, ವಿವಾದ ಬಂದಾಗ ಅವನೇ ಅದನ್ನು ರಾಜಮುದ್ರೆಯ ಸಹಿತ ಸಭೆಗೆ ತರಬೇಕೆಂಬ ಹಳೆಯ ವ್ಯವಸ್ಥೆಯನ್ನು ಇದು ನೆನಪಿಗೆ ತರುತ್ತದೆ. ಇಲ್ಲಿ ಮಾತ್ರ ಸಭೆಗೆ ಬರುವ ಪ್ರತಿ ಸಲವೂ ಹಲಗೆಯನ್ನು ಹೊತ್ತು ತರಬೇಕು, ಹೋಗುವಾಗ ಹೊಸದೊಂದನ್ನು ಹೊತ್ತೊಯ್ಯಬೇಕು. ದೊಡ್ಡ ಕೋಷ್ಟಕಗಳಿರುವ ಪುಟಗಳಲ್ಲಿ ಈ ಹೊರೆ ಪುಟದ ಕಣ್ಣಿಗೆ ಕಾಣುವ ಭಾಗಕ್ಕಿಂತ ಹೆಚ್ಚಾಗುವುದುಂಟು.

ಪೋಸ್ಟ್‌ಬ್ಯಾಕ್ ಬಂದಾಗ ಸರ್ವರ್ ಅನುಸರಿಸುವ ಕ್ರಮವನ್ನು ವಾಚಕರು ಗಮನಿಸಬೇಕು. ನಮ್ಮ ಮೊದಲ ತಪ್ಪಿನ ಬೇರು ಇಲ್ಲಿಯೇ ಇದೆ. ಸರ್ವರ್ ಪುಟವನ್ನು ಹೊಸದಾಗಿ ನಿರ್ಮಿಸುತ್ತದೆ. ಆಮೇಲೆ ವ್ಯೂಸ್ಟೇಟಿನಿಂದ ಹಿಂದಿನ ಸ್ಥಿತಿಯನ್ನು ತುಂಬುತ್ತದೆ. ಅದರ ಮೇಲೆ ಬಳಕೆದಾರರು ಈಗ ಬರೆದದ್ದನ್ನೂ ಆರಿಸಿದ್ದನ್ನೂ ಕೂರಿಸುತ್ತದೆ. ಅನಂತರ ಲೋಡ್ ಎಂಬ ಘಟ್ಟದ ವಿಧಿ ನಡೆಯುತ್ತದೆ. ಅದಾದ ಬಳಿಕವೇ ಒತ್ತಿದ ಗುಂಡಿಯ ವಿಧಿ ನಡೆಯುವುದು. ಕಡೆಗೆ ಪುಟವನ್ನು ಬರೆದು ಕಳುಹಿಸಿ ಎಲ್ಲವನ್ನೂ ಮರೆಯುತ್ತದೆ.

ನಮ್ಮ ಫಾರಮಿನಲ್ಲಿ ತಾಲ್ಲೂಕುಗಳ ಪಟ್ಟಿಯನ್ನು ತುಂಬುವ ಕೆಲಸವನ್ನು ಲೋಡ್ ಘಟ್ಟದಲ್ಲಿ ಇಟ್ಟಿತ್ತು. ಪುಟ ಮೊದಲ ಬಾರಿ ತೆರೆದಾಗ ಇದು ಸರಿಯೇ. ಆದರೆ ವಿದ್ಯಾರ್ಥಿಯು ಎಲ್ಲವನ್ನೂ ತುಂಬಿ, ಪಟ್ಟಿಯಲ್ಲಿ ಶಿಕಾರಿಪುರವನ್ನು ಆರಿಸಿ, ‘ಉಳಿಸು’ ಗುಂಡಿಯನ್ನು ಒತ್ತಿದಾಗಲೂ ಲೋಡ್ ಘಟ್ಟ ಮತ್ತೆ ನಡೆಯಿತು. ಪಟ್ಟಿ ಬರಿದಾಗಿ ಮತ್ತೆ ತುಂಬಿತು. ಆರಿಸಿದ್ದು ಅಳಿಸಿಹೋಗಿ ಪಟ್ಟಿಯ ಮೊದಲನೆಯ ಹೆಸರು ನಿಂತಿತು. ‘ಉಳಿಸು’ ವಿಧಿಯ ಸರದಿ ಬರುವಷ್ಟರಲ್ಲಿ ಅದಕ್ಕೆ ಕಂಡದ್ದು ಆ ಮೊದಲ ಹೆಸರೇ. ಜಿಲ್ಲೆಯ ತಾಲ್ಲೂಕುಗಳನ್ನು ಅಕಾರಾದಿಯಾಗಿ ಬರೆದರೆ ಮೊದಲು ಬರುವುದು ತೀರ್ಥಹಳ್ಳಿ. ಹೀಗಾಗಿ ಬಳ್ಳಿಗಾವಿಯ ಶಾಸನಗಳೂ ತಾಳಗುಂದದ ಕದಂಬ ಸ್ತಂಭಶಾಸನವೂ ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದುವು! ಉಳಿಸಿದ ಕೂಡಲೆ ಮುಂದಿನ ನಮೂದಿಗೆಂದು ಫಾರಂ ಬರಿದಾಗುತ್ತಿದ್ದುದರಿಂದ ಬಹುದಿನ ಇದು ಯಾರ ಕಣ್ಣಿಗೂ ಬೀಳಲಿಲ್ಲ.

ತಾಳಗುಂದ ತೀರ್ಥಹಳ್ಳಿಯಲ್ಲಿದೆಯೆಂದು ಬರೆದರೆ ಪದವಿ ತರಗತಿಯ ವಿದ್ಯಾರ್ಥಿಯೂ ನಕ್ಕು ತಿದ್ದಿಕೊಂಡಾನು. ಆದರೆ ಹೊಸಹಳ್ಳಿ, ಹೊಸಕೊಪ್ಪ ಮೊದಲಾಗಿ ಒಂದೇ ಹೆಸರಿನ ಊರುಗಳು ಹಲವು ತಾಲ್ಲೂಕುಗಳಲ್ಲಿ ಇರುತ್ತವೆ. ಅಂತಹ ಊರಿನ ಹೊಲದ ಬದುವಿನಲ್ಲಿ ನಿಂತ, ಯಾವ ಸಂಪುಟದಲ್ಲಿಯೂ ಅಚ್ಚಾಗದ ವೀರಗಲ್ಲಿಗೆ ತಾಲ್ಲೂಕಿನ ಹೆಸರು ತಪ್ಪಿದರೆ ಆ ಕಲ್ಲು ಕಳೆದುಹೋದಂತೆಯೇ. ಕಳವು, ರಸ್ತೆ ಅಗಲಿಸುವುದು, ಹೊಲ ಸಮಮಾಡುವುದು ಇವುಗಳಿಂದ ಕಲ್ಲುಗಳು ಕಾಣೆಯಾಗುವುದನ್ನು ನಾವೆಲ್ಲ ಬಲ್ಲೆವು. ಸೂಚಿಯ ತಪ್ಪಿನಿಂದಲೂ ಕಾಣೆಯಾಗುತ್ತವೆಂಬುದನ್ನು ಅಂದು ಕಲಿತೆವು.

ಪರಿಹಾರ ಒಂದೇ ಸಾಲಿನದು. ಇದು ಪುಟದ ಮೊದಲ ಬರವೋ ಮರಳಿ ಬಂದದ್ದೋ ಎಂಬುದನ್ನು ತಿಳಿಸುವ ‘ಈಸ್ ಪೋಸ್ಟ್‌ಬ್ಯಾಕ್’ ಎಂಬ ಗುಣ ಪ್ರತಿ ಪುಟಕ್ಕೂ ಇದೆ. ಮೊದಲ ಬರವಾದರೆ ಮಾತ್ರ ಪಟ್ಟಿಯನ್ನು ತುಂಬಬೇಕು. ಈ ಚೌಕಟ್ಟನ್ನು ಕಲಿಸುವ ಯಾವ ಪುಸ್ತಕವನ್ನು ತೆರೆದರೂ ಆರಂಭದ ಅಧ್ಯಾಯಗಳಲ್ಲಿಯೇ ಈ ಎಚ್ಚರಿಕೆ ಸಿಗುತ್ತದೆ. ಸಿಕ್ಕರೂ ತಪ್ಪುವವರು ತಪ್ಪುತ್ತಲೇ ಇರುತ್ತಾರೆ.

ಪೂರ್ಣ ಪೋಸ್ಟ್‌ಬ್ಯಾಕಿಗೆ ಇನ್ನೊಂದು ದೋಷವೂ ಉಂಟು. ಉಳಿಸಿದ ಮೇಲೆ ಬಂದ ಪುಟವನ್ನು ಯಾರಾದರೂ ರಿಫ್ರೆಶ್ ಮಾಡಿದರೆ ಬ್ರೌಸರ್ ಅದೇ ಪೋಸ್ಟನ್ನು ಮತ್ತೊಮ್ಮೆ ಒಪ್ಪಿಸುತ್ತದೆ, ಒಂದೇ ಶಾಸನ ಎರಡು ಸಲ ದಾಖಲಾಗುತ್ತದೆ. ಬ್ರೌಸರ್ ಒಂದು ಎಚ್ಚರಿಕೆಯನ್ನೇನೋ ಕೊಡುತ್ತದೆ. ಅದನ್ನು ಓದದೆ ಒಪ್ಪುವುದೇ ಲೋಕರೂಢಿ. ಉಳಿಸಿದೊಡನೆ ಪುಟವನ್ನು ಬರೆಯದೆ ‘ಇನ್ನೊಂದು ವಿಳಾಸಕ್ಕೆ ಹೋಗು’ ಎಂದು ಬ್ರೌಸರ್‌ಗೆ ಹೇಳಿ, ಅದು ಗೆಟ್ ವಿಧಾನದಿಂದ ಹೊಸ ಪುಟವನ್ನು ತರಿಸಿಕೊಳ್ಳುವಂತೆ ಮಾಡುವುದು ಇದಕ್ಕೆ ಸರ್ವಸಮ್ಮತವಾದ ಉಪಾಯ.

೩

ಒಂದೇ ಹೆಸರಿನ ಊರುಗಳ ತೊಡಕನ್ನು ತಪ್ಪಿಸಲು, ತಾಲ್ಲೂಕನ್ನು ಆರಿಸಿದ ಕೂಡಲೆ ಆ ತಾಲ್ಲೂಕಿನ ಊರುಗಳು ಮಾತ್ರ ಕೆಳಗಿನ ಪಟ್ಟಿಯಲ್ಲಿ ಬರುವಂತೆ ಫಾರಮನ್ನು ತಿದ್ದಿದೆವು. ಪಟ್ಟಿಯ ‘ಆಟೊ ಪೋಸ್ಟ್‌ಬ್ಯಾಕ್’ ಎಂಬ ಗುಣವನ್ನು ಜಾರಿಮಾಡಿದರೆ ಇದು ಸಾಧ್ಯ. ಆದರೆ ಫಲವಾಗಿ ತಾಲ್ಲೂಕನ್ನು ಮುಟ್ಟಿದಾಗಲೆಲ್ಲ ತೆರೆ ಒಂದು ಕ್ಷಣ ಬಿಳಿಯಾಗಿ ಇಡೀ ಪುಟ ಮತ್ತೆ ಬರುತ್ತಿತ್ತು. ಕೆಳಗೆ ಶಾಸನಪಾಠವನ್ನು ಬೆರಳಚ್ಚಿಸುತ್ತಿದ್ದವರು ಪುಟದ ತಲೆಗೆ ಎಸೆಯಲ್ಪಡುತ್ತಿದ್ದರು. ಬರೆದ ಪಾಠವೇನೋ ಉಳಿಯುತ್ತಿತ್ತು. ಆರಿಸಿಟ್ಟ ಛಾಯಾಚಿತ್ರದ ಕಡತ ಮಾತ್ರ ಉಳಿಯುತ್ತಿರಲಿಲ್ಲ. ಬಳಕೆದಾರರ ಗಣಕದಲ್ಲಿರುವ ಕಡತವೊಂದನ್ನು ಪುಟವು ತಾನಾಗಿಯೇ ಆರಿಸಿಕೊಳ್ಳಬಾರದೆಂಬುದು ಬ್ರೌಸರ್‌ಗಳ ರಕ್ಷಣಾನಿಯಮ. ಆದುದರಿಂದ ಹೊಸದಾಗಿ ಬಂದ ಪುಟದಲ್ಲಿ ಆ ಅಂಕಣ ಯಾವಾಗಲೂ ಬರಿದೇ. ಹಳ್ಳಿಗಳಲ್ಲಿ ಕ್ಷೇತ್ರಕಾರ್ಯದಲ್ಲಿದ್ದು ಮೊಬೈಲಿನ ದುರ್ಬಲ ಸಂಪರ್ಕದಲ್ಲಿ ತುಂಬುತ್ತಿದ್ದ ವಿದ್ಯಾರ್ಥಿಗಳ ತಾಳ್ಮೆ ಇದರಿಂದ ಬಹಳ ಬೇಗ ಮುಗಿಯಿತು.

ಪುಟವೆಲ್ಲವನ್ನೂ ತರಿಸದೆ ಬೇಕಾದ ತುಣುಕನ್ನು ಮಾತ್ರ ತರಿಸುವ ವಿದ್ಯೆ ಆ ವೇಳೆಗೆ ಹಳೆಯದಾಗಿತ್ತು. ಮೈಕ್ರೊಸಾಫ್ಟ್ ಸಂಸ್ಥೆಯವರು ತಮ್ಮ ಔಟ್‌ಲುಕ್ ಅಂಚೆಯನ್ನು ವೆಬ್ ಪುಟದಲ್ಲಿ ತೋರಿಸುವ ಕಾರ್ಯಕ್ಕಾಗಿ ರೂಪಿಸಿದ ಒಂದು ಉಪಕರಣ ೧೯೯೯ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ೫ರೊಡನೆ ಹೊರಬಂದಿತು. ಪುಟ ಕದಲದಂತೆ ಹಿನ್ನೆಲೆಯಲ್ಲಿ ಸರ್ವರ್‌ನೊಡನೆ ಮಾತನಾಡುವ ಈ ಸೌಕರ್ಯ ಮುಂದೆ ಇತರ ಬ್ರೌಸರ್‌ಗಳಿಗೂ ಹರಡಿ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ರಿಕ್ವೆಸ್ಟ್ ಎಂಬ ಉದ್ದನೆಯ ಹೆಸರಿನಿಂದ ನೆಲೆನಿಂತಿತು. ೨೦೦೪ರ ಜಿಮೇಲ್, ೨೦೦೫ರ ಗೂಗಲ್ ಮ್ಯಾಪ್ಸ್ ಇವುಗಳಲ್ಲಿ ಜನ ಇದರ ಶಕ್ತಿಯನ್ನು ಕಂಡರು. ೨೦೦೫ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಬರೆದ ಪ್ರಬಂಧವೊಂದರಿಂದ ಈ ರೀತಿಗೆ ಅಜಾಕ್ಸ್ ಎಂಬ ಹೆಸರು ಬಿದ್ದಿತು. ವಸ್ತು ಆರು ವರ್ಷ ಹಳೆಯದು, ಹೆಸರು ಮಾತ್ರ ಹೊಸದು. ಇತಿಹಾಸದಲ್ಲಿ ಇಂತಹವು ಎಷ್ಟೋ.

ವೆಬ್ ಫಾರಮ್ಸ್ ಬಳಸುವವರಿಗೆ ಇದನ್ನು ೨೦೦೭ರಲ್ಲಿ ಸುಲಭಮಾಡಿಕೊಟ್ಟದ್ದು ಅಪ್‌ಡೇಟ್ ಪ್ಯಾನೆಲ್ ಎಂಬ ಚೌಕ. ಪುಟದ ಯಾವ ಭಾಗ ಮಾತ್ರ ಬದಲಾಗಬೇಕೋ ಅದನ್ನು ಈ ಚೌಕದೊಳಗೆ ಇಟ್ಟರಾಯಿತು. ಬೇರೆ ಏನನ್ನೂ ಬರೆಯಬೇಕಾಗಿಲ್ಲ. ನಾವೂ ತಾಲ್ಲೂಕು, ಊರುಗಳ ಪಟ್ಟಿಗಳನ್ನು ಅದರೊಳಗಿಟ್ಟೆವು. ಬಿಳಿಯ ಮಿಂಚು ನಿಂತಿತು, ಪುಟ ಹಾರುವುದು ನಿಂತಿತು. ಎಲ್ಲರಿಗೂ ಸಮಾಧಾನವಾಯಿತು.

ಈ ಸಮಾಧಾನವೇ ತೊಡಕಿನ ಮೂಲ. ಅಪ್‌ಡೇಟ್ ಪ್ಯಾನೆಲ್ ನಿಜವಾಗಿ ಮಾಡುವುದೇನೆಂದರೆ: ಫಾರಂ ಒಪ್ಪಿಸಲ್ಪಡುವುದನ್ನು ನಡುವೆ ತಡೆದು, ಫಾರಮಿನ ಅಂಕಣಗಳನ್ನೂ ವ್ಯೂಸ್ಟೇಟನ್ನೂ ಒಟ್ಟುಗೂಡಿಸಿ ಹಿನ್ನೆಲೆಯಲ್ಲಿ ಕಳುಹಿಸುತ್ತದೆ. ಸರ್ವರ್ ಪುಟವನ್ನೆಲ್ಲ ಮೊದಲಿನಂತೆಯೇ ಹೊಸದಾಗಿ ನಿರ್ಮಿಸುತ್ತದೆ. ಮೇಲೆ ಹೇಳಿದ ಘಟ್ಟಗಳೆಲ್ಲವೂ ನಡೆಯುತ್ತವೆ. ಗುಂಡಿಯ ವಿಧಿಯೂ ನಡೆಯುತ್ತದೆ. ಕಟ್ಟಕಡೆಯಲ್ಲಿ ಬರೆದು ಕಳುಹಿಸುವಾಗ ಮಾತ್ರ ಚೌಕದೊಳಗಿನ ತುಣುಕನ್ನೂ ಹೊಸ ವ್ಯೂಸ್ಟೇಟನ್ನೂ ಕಳುಹಿಸಿ ಉಳಿದುದನ್ನು ಬಿಡುತ್ತದೆ. ಎಂದರೆ ನವೀಕರಣ ಆಂಶಿಕವಾಗಿ ಕಾಣುವುದು ನೋಡುವ ಕಣ್ಣಿಗೆ. ಸರ್ವರ್‌ನ ದುಡಿಮೆ ಪೂರ್ಣವೇ. ಒಂದೇ ಪುಟದಲ್ಲಿ ಹಲವು ಚೌಕಗಳಿದ್ದು, ‘ಕಂಡಿಷನಲ್’ ಎಂಬ ನಿಯಮವನ್ನು ಹೇಳದೆ ಬಿಟ್ಟರೆ ಒಂದಕ್ಕಾಗಿ ಎಲ್ಲ ಚೌಕಗಳೂ ಮತ್ತೆ ಬರುತ್ತವೆ. ಭಾರ ಕಡಮೆಯಾಗಲಿ ಎಂದು ಇದನ್ನು ಬಳಸುವವರು ಮೊದಲು ಈ ವಿಷಯವನ್ನು ತಿಳಿದಿರಬೇಕು.

ಈಗ ಎರಡನೆಯ ತಪ್ಪಿಗೆ ಬರೋಣ. ಚೌಕದಿಂದ ಸೌಕರ್ಯವಾಯಿತೆಂದು ನಾವು ‘ಉಳಿಸು’ ಗುಂಡಿಯನ್ನೂ ಅದರೊಳಕ್ಕೆ ಸರಿಸಿದೆವು. ಛಾಯಾಚಿತ್ರದ ಅಂಕಣ ಹೊರಗೆ ಉಳಿಯಿತು. ವಿದ್ಯಾರ್ಥಿನಿಯೊಬ್ಬರು ಕೆಲವು ವಾರಗಳ ಬಳಿಕ ಬಂದು, ತಾವು ಸೇರಿಸಿದ ವೀರಗಲ್ಲುಗಳ ಚಿತ್ರಗಳು ಸೂಚಿಯಲ್ಲಿ ಕಾಣುವುದಿಲ್ಲವೆಂದೂ ಉಳಿಸುವಾಗ ಚಿತ್ರದ ಹೆಸರು ತೆರೆಯ ಮೇಲೆ ಇದ್ದದ್ದನ್ನು ಕಣ್ಣಾರೆ ಕಂಡೆನೆಂದೂ ಹೇಳಿದರು. ಅವರು ಮರೆತಿರಬೇಕೆಂದು ನಾವು ಅಂದುಕೊಂಡೆವು. ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ನಾಚಿಕೆಪಟ್ಟೆವು. ಅವರು ಹೇಳಿದ್ದು ಅಕ್ಷರಶಃ ಸತ್ಯ. ಅಪ್‌ಡೇಟ್ ಪ್ಯಾನೆಲ್ ಹಿನ್ನೆಲೆಯಲ್ಲಿ ಫಾರಮನ್ನು ಕಟ್ಟಿ ಕಳುಹಿಸುವಾಗ ಅಂಕಣಗಳ ಬರಹವನ್ನು ಒಯ್ಯುತ್ತದೆಯೇ ಹೊರತು ಕಡತಗಳನ್ನು ಒಯ್ಯುವುದಿಲ್ಲ. ಚಿತ್ರದ ಹೆಸರು ಹೊರಗಿನ ಅಂಕಣದಲ್ಲಿ ಕದಲದೆ ನಿಂತಿತ್ತು; ಸರ್ವರ್‌ಗೆ ಮಾತ್ರ ಚಿತ್ರವೇ ಬರಲಿಲ್ಲ; ಬರಲಿಲ್ಲವೆಂಬ ದೂರನ್ನು ಅದು ಹೇಳಲೂ ಇಲ್ಲ. ಪಾಠ ಉಳಿಯಿತು, ಊರು ಉಳಿಯಿತು, ‘ಉಳಿಸಲಾಯಿತು’ ಎಂಬ ಹಸಿರು ಅಕ್ಷರಗಳೂ ಬಂದುವು.

ಪೂರ್ಣ ಪೋಸ್ಟ್‌ಬ್ಯಾಕಿನಲ್ಲಿ ಚಿತ್ರ ಹೋದರೆ ಅಂಕಣ ಬರಿದಾಗಿ ಹೋದದ್ದು ಕಾಣುತ್ತಿತ್ತು. ಆಂಶಿಕ ನವೀಕರಣದಲ್ಲಿ ಇಲ್ಲದ್ದು ಇದ್ದಂತೆ ಕಂಡಿತು. ಎರಡು ದೋಷಗಳಲ್ಲಿ ಎರಡನೆಯದೇ ಕೆಟ್ಟದ್ದೆಂದು ನಮ್ಮ ನಿಶ್ಚಿತವಾದ ಅಭಿಪ್ರಾಯ. ಇದಕ್ಕೂ ಪರಿಹಾರ ಸಣ್ಣದೇ: ‘ಪೋಸ್ಟ್‌ಬ್ಯಾಕ್ ಟ್ರಿಗರ್’ ಎಂಬುದರಲ್ಲಿ ‘ಉಳಿಸು’ ಗುಂಡಿಯನ್ನು ಹೆಸರಿಸಿದರೆ, ಗುಂಡಿ ಚೌಕದೊಳಗಿದ್ದರೂ ಅದನ್ನು ಒತ್ತಿದಾಗ ಪೂರ್ಣ ಪೋಸ್ಟ್‌ಬ್ಯಾಕೇ ನಡೆಯುತ್ತದೆ, ಚಿತ್ರವೂ ಹೋಗುತ್ತದೆ.

೪

ಇದನ್ನೆಲ್ಲ ಯೋಚಿಸುವಾಗ ನಮ್ಮ ನಾಡಿನ ಎರಡು ಬರವಣಿಗೆಯ ಸಾಮಗ್ರಿಗಳು ಮನಸ್ಸಿಗೆ ಬಂದುವು. ಓಲೆಗರಿಯಲ್ಲಿ ಕಂಠದಿಂದ ಕೊರೆದದ್ದನ್ನು ಅಳಿಸಲಾಗದು. ಹೆಚ್ಚು ಬದಲಾವಣೆ ಬೇಕಾದರೆ ಗರಿಯನ್ನೇ ಹೊಸದಾಗಿ ಬರೆಯಬೇಕು. ಹುಣಿಸೆಬೀಜದ ಸರಿ, ಇದ್ದಿಲುಗಳನ್ನು ಬಳಿದ ಬಟ್ಟೆಯ ಕಡತದಲ್ಲಿಯಾದರೋ ಬಳಪದಿಂದ ಬರೆದ ಸಾಲನ್ನು ಒರೆಸಿ ಅಲ್ಲಿಯೇ ಬೇರೆ ಸಾಲನ್ನು ಬರೆಯಬಹುದು. ಲೆಕ್ಕಪತ್ರಗಳಿಗೆ ಇದು ಬಹಳ ಅನುಕೂಲ. ಆದರೆ ಕಡತವನ್ನು ಆಕರವಾಗಿ ಓದುವವರು ಒಂದೇ ಮಗ್ಗುಲಿನ ಎಲ್ಲ ಸಾಲುಗಳೂ ಒಂದೇ ದಿನದವೆಂದು ನಂಬುವಂತಿಲ್ಲ. ಪೂರ್ಣ ಪೋಸ್ಟ್‌ಬ್ಯಾಕಿನಿಂದ ಬಂದ ಪುಟ ಓಲೆಗರಿಯಂತೆ. ಅದರ ಎಲ್ಲ ಭಾಗಗಳೂ ಸರ್ವರ್‌ನ ಒಂದೇ ಕ್ಷಣದ ಬರವಣಿಗೆ. ಆಂಶಿಕವಾಗಿ ನವೀಕೃತವಾದ ಪುಟ ಕಡತದಂತೆ. ಅದರ ಮೇಲ್ಭಾಗ ಹತ್ತು ಗಂಟೆಯದು, ಊರುಗಳ ಪಟ್ಟಿ ಹತ್ತೂಕಾಲರದು, ಬಲಗಡೆಯ ಒಟ್ಟು ಸಂಖ್ಯೆ ಮತ್ತೆ ಹತ್ತರದೇ ಆಗಿರಬಹುದು. ನೋಡುವವರಿಗೆ ಈ ಕಾಲಭೇದ ಕಾಣುವುದಿಲ್ಲ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ತರವಲ್ಲ.

ಒಂದೇ ಪುಟದಿಂದ ಎರಡು ಆಂಶಿಕ ಬೇಡಿಕೆಗಳು ಬೆನ್ನುಬೆನ್ನಿಗೆ ಹೊರಟರೆ ಆಗುವುದೂ ಗಮನಾರ್ಹ. ಅಪ್‌ಡೇಟ್ ಪ್ಯಾನೆಲ್ ಒಂದು ಕಾಲಕ್ಕೆ ಒಂದೇ ಬೇಡಿಕೆಯನ್ನು ನಡೆಸುತ್ತದೆ. ಎರಡನೆಯದು ಹೊರಟರೆ ಬ್ರೌಸರ್‌ನಲ್ಲಿ ಮೊದಲನೆಯದನ್ನು ಕೈಬಿಡುತ್ತದೆ. ಆದರೆ ಮೊದಲನೆಯದು ಆಗಲೇ ಸರ್ವರ್‌ಗೆ ತಲಪಿದ್ದರೆ ಅಲ್ಲಿ ಅದರ ಕೆಲಸ ನಡೆದೇ ತೀರುತ್ತದೆ. ನಿಧಾನವಾದ ಸಂಪರ್ಕದಲ್ಲಿ ‘ಉಳಿಸು’ ಒತ್ತಿ, ಏನೂ ಆಗಲಿಲ್ಲವೆಂದು ಬೇಸತ್ತು ಮತ್ತೊಮ್ಮೆ ಒತ್ತಿದವರು ಎರಡು ನಮೂದುಗಳನ್ನು ಮಾಡಿ ಒಂದರ ರಸೀತಿಯನ್ನು ಮಾತ್ರ ಪಡೆಯುತ್ತಾರೆ. ಬೇಡಿಕೆ ಹೊರಟೊಡನೆ ಗುಂಡಿಯನ್ನು ನಿಷ್ಕ್ರಿಯಗೊಳಿಸಿ, ಉತ್ತರ ಬಂದ ಮೇಲೆ ಮತ್ತೆ ತೆರೆಯುವುದು ಕನಿಷ್ಠ ಎಚ್ಚರಿಕೆ. ಶಾಸನದ ಕ್ರಮಾಂಕ ಎರಡು ಬಾರಿ ಬರದಂತೆ ದತ್ತಕೋಶದಲ್ಲಿಯೇ ನಿರ್ಬಂಧವಿಡುವುದು ಅದಕ್ಕಿಂತ ಮೇಲು.

ಬ್ರೌಸರ್‌ನ ‘ಹಿಂದಕ್ಕೆ’ ಗುಂಡಿಯ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ಆಂಶಿಕ ನವೀಕರಣದಿಂದ ಪುಟದ ವಿಳಾಸ ಬದಲಾಗುವುದಿಲ್ಲ. ಆದುದರಿಂದ ಹತ್ತು ಸಲ ಪಟ್ಟಿಯನ್ನು ಬದಲಾಯಿಸಿ ಹಿಂದಕ್ಕೆ ಹೋದವರು ಒಂಬತ್ತನೆಯ ಸ್ಥಿತಿಗೆ ಹೋಗದೆ ಪುಟದಿಂದಲೇ ಹೊರಗೆ ಬೀಳುತ್ತಾರೆ. ೨೦೦೮ರಲ್ಲಿ ಈ ಚೌಕಟ್ಟಿಗೆ ಇದಕ್ಕೊಂದು ಏರ್ಪಾಡು ಸೇರಿತು. ಹುಡುಕುವ ಪುಟಗಳಿಗೆ ಇದು ಅವಶ್ಯ, ತುಂಬುವ ಫಾರಮುಗಳಿಗೆ ಅಷ್ಟಾಗಿ ಅಲ್ಲ.

೫

ಅಪ್‌ಡೇಟ್ ಪ್ಯಾನೆಲ್ಲಿಗಿಂತ ಹಗುರವಾದ ಮಾರ್ಗವೊಂದಿದೆ. ಪುಟದ ವಿಧಿಗಳಲ್ಲಿ ಒಂದನ್ನು ‘ವೆಬ್‌ಮೆಥಡ್’ ಎಂದು ಗುರುತಿಸಿದರೆ ಬ್ರೌಸರ್‌ನ ಜಾವಾಸ್ಕ್ರಿಪ್ಟ್ ಅದನ್ನು ನೇರವಾಗಿ ಕರೆಯಬಹುದು. ಆಗ ವ್ಯೂಸ್ಟೇಟ್ ಹೋಗುವುದಿಲ್ಲ, ಪುಟವೂ ನಿರ್ಮಿತವಾಗುವುದಿಲ್ಲ. ‘ಸೊರಬ’ ಎಂಬ ಒಂದು ಮಾತು ಹೋಗುತ್ತದೆ, ಸೊರಬದ ಊರುಗಳ ಹೆಸರುಗಳು ಬರುತ್ತವೆ, ಅಷ್ಟೆ. ಆಂಶಿಕವೆಂಬ ಹೆಸರಿಗೆ ಇದು ನಿಜವಾಗಿ ತಕ್ಕದ್ದು.

ಆದರೆ ಇಲ್ಲಿಯೂ ನಮ್ಮನ್ನು ಒಂದು ಅಡ್ಡಿ ಕಾದಿತ್ತು. ೨೦೦೫ರ ಎರಡನೆಯ ಆವೃತ್ತಿಯಿಂದ ಈ ಚೌಕಟ್ಟು, ತಾನು ಕಳುಹಿಸಿದ ಪಟ್ಟಿಯಲ್ಲಿ ಇಲ್ಲದ ಹೆಸರೊಂದು ಮರಳಿ ಬಂದರೆ ಅದನ್ನು ಮೋಸವೆಂದು ಬಗೆದು ಪೋಸ್ಟ್‌ಬ್ಯಾಕನ್ನು ತಿರಸ್ಕರಿಸುತ್ತದೆ. ಬ್ರೌಸರ್‌ನಲ್ಲಿ ನಾವು ತುಂಬಿದ ಊರುಗಳು ಸರ್ವರ್‌ಗೆ ಅಪರಿಚಿತ. ಆದ್ದರಿಂದ ‘ಉಳಿಸು’ ಒತ್ತಿದೊಡನೆ ದೋಷದ ಪುಟ ಬಂದಿತು. ಈ ಕಾವಲನ್ನು ಪುಟಕ್ಕೆಲ್ಲ ತೆಗೆದುಹಾಕಿರೆಂದು ಸಲಹೆ ಕೊಡುವವರು ಬಹಳ. ನಾವು ಹಾಗೆ ಮಾಡಲಿಲ್ಲ. ಊರಿನ ಪಟ್ಟಿಯನ್ನು ಚೌಕಟ್ಟಿನ ಹಿಡಿತಕ್ಕೆ ಒಳಪಡದ ಸಾಮಾನ್ಯ ಎಚ್‌ಟಿಎಂಎಲ್ ಪಟ್ಟಿಯಾಗಿ ಮಾಡಿ, ಆರಿಸಿದ ಊರಿನ ಸಂಕೇತವನ್ನು ಉಳಿಸುವ ಮುನ್ನ ಸರ್ವರ್‌ನಲ್ಲಿ ನಾವೇ ಮತ್ತೆ ಪರೀಕ್ಷಿಸತೊಡಗಿದೆವು: ಈ ಊರು ಈ ತಾಲ್ಲೂಕಿನದು ಹೌದೆ? ಬ್ರೌಸರ್ ಹೇಳಿದ್ದನ್ನು ಸಾಕ್ಷಿಯಾಗಿ ಕೇಳಬಹುದು; ತೀರ್ಪಾಗಿ ಒಪ್ಪಬಾರದು.

ಹೀಗೆ ನಮ್ಮ ಫಾರಮಿನ ಈಗಿನ ರೂಪದಲ್ಲಿ ಎರಡೂ ವಿಧಾನಗಳಿವೆ. ನೋಡಿ ಆರಿಸುವುದಕ್ಕೆ ನೆರವಾಗುವ ಕೆಲಸಗಳು, ಎಂದರೆ ಊರುಗಳ ಪಟ್ಟಿ, ಶಕವರ್ಷಕ್ಕೆ ಸರಿಯಾದ ಕ್ರಿಸ್ತವರ್ಷ, ಇದೇ ಊರಿನ ಹಳೆಯ ನಮೂದುಗಳ ಎಣಿಕೆ ಇವು ಆಂಶಿಕವಾಗಿ ನಡೆಯುತ್ತವೆ. ತಪ್ಪಿದರೂ ಏನೂ ದಾಖಲಾಗುವುದಿಲ್ಲ. ಉಳಿಸುವ ಕೆಲಸ ಒಂದನ್ನು ಪೂರ್ಣ ಪೋಸ್ಟ್‌ಬ್ಯಾಕಿಗೇ ಬಿಟ್ಟಿದ್ದೇವೆ. ಉಳಿದ ಮೇಲೆ ಬ್ರೌಸರ್ ಬೇರೆ ಪುಟಕ್ಕೆ ಹೋಗಿ, ಈಗ ತಾನೆ ದತ್ತಕೋಶದಲ್ಲಿ ಬರೆದದ್ದನ್ನು ಅಲ್ಲಿಂದಲೇ ಓದಿ ಚಿತ್ರದ ಸಹಿತ ತೋರಿಸುತ್ತದೆ. ತೆರೆ ಒಂದು ಕ್ಷಣ ಬಿಳಿಯಾಗುತ್ತದೆಂದು ಕೆಲವರು ಈಗಲೂ ಗೊಣಗುತ್ತಾರೆ. ಬರೆದವರು ತಮ್ಮ ಬರವಣಿಗೆಯನ್ನು ಸರ್ವರ್‌ನ ಬಾಯಿಂದ ಮರಳಿ ಕೇಳುವುದಕ್ಕೆ ಆ ಒಂದು ಕ್ಷಣ ಹೆಚ್ಚಿನ ಬೆಲೆಯಲ್ಲವೆಂದು ನಾವು ಎಣಿಸುತ್ತೇವೆ. ಅಂಗಡಿಯ ಸಾಮಾನಿನ ಪಟ್ಟಿಗೋ ಅಂಚೆ ಪೆಟ್ಟಿಗೆಗೋ ಇದೇ ನಿಯಮ ಹೊಂದುವುದೆಂಬ ಆಗ್ರಹ ನಮಗಿಲ್ಲ.

ವೆಬ್ ಫಾರಮ್ಸ್ ಚೌಕಟ್ಟಿಗೆ ೨೦೧೬ರಲ್ಲಿ ಹೊರಬಂದ ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ಸ್ಥಾನ ದೊರೆಯಲಿಲ್ಲ. ನಡುವೆ ಕೆಲವು ವರ್ಷ, ಸರ್ವರ್ ದತ್ತಾಂಶವನ್ನು ಮಾತ್ರ ಕೊಟ್ಟು ಪುಟವನ್ನೆಲ್ಲ ಬ್ರೌಸರ್‌ನಲ್ಲಿಯೇ ಕಟ್ಟುವ ಪದ್ಧತಿ ಮುಂದೆ ಬಂದಿತು. ೨೦೨೦ರಲ್ಲಿ ಪ್ರಕಟವಾದ ಎಚ್‌ಟಿಎಂಎಕ್ಸ್, ಹಾಟ್‌ವೈರ್ ಎಂಬ ಸಾಧನಗಳು ಮತ್ತೆ ಸರ್ವರ್‌ನಲ್ಲಿಯೇ ಪುಟದ ತುಣುಕನ್ನು ಬರೆದು ಕಳುಹಿಸುವ ಹಾದಿಯನ್ನು ಹಿಡಿದಿವೆ. ಈ ಬಾರಿ ವ್ಯೂಸ್ಟೇಟಿನ ಹೊರೆ ಇಲ್ಲ. ಹೊಸ ಸೂಚಿಗಳನ್ನು ಆರಂಭಿಸುವ ವಿಭಾಗಗಳು ಅವನ್ನು ನೋಡಬಹುದು. ಆದರೆ ಈಗಾಗಲೇ ಹಳೆಯ ಫಾರಮುಗಳಿಂದ ತುಂಬಲ್ಪಟ್ಟ ಸೂಚಿಗಳನ್ನು ಬಳಸುವವರು, ಪಟ್ಟಿಯ ಮೊದಲ ಹೆಸರಿನ ಮುಂದೆ ಮಾತ್ರ ನಮೂದುಗಳು ವಿಪರೀತವಾಗಿ ಸೇರಿವೆಯೇ, ಒಂದೇ ನಿಮಿಷದಲ್ಲಿ ಒಂದೇ ಪಾಠ ಎರಡು ಸಲ ಬಂದಿದೆಯೇ, ಒಂದು ದಿನಾಂಕದಿಂದ ಈಚೆಗೆ ಚಿತ್ರಗಳೇ ನಿಂತುಹೋಗಿವೆಯೇ ಎಂಬುದನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು. ನಮ್ಮ ತಪ್ಪುಗಳು ಹೊರಬಿದ್ದದ್ದೂ ಇಂತಹ ಗುರುತುಗಳಿಂದಲೇ.

ತಾಲ್ಲೂಕು ತಪ್ಪಿದ ನಮೂದುಗಳನ್ನು ಕ್ಷೇ­ತ್ರಕಾರ್ಯದ ದಿನಚರಿ ಪುಸ್ತಕಗಳೊಡನೆ ಹೋಲಿಸಿ ತಿದ್ದಿದ್ದಾಯಿತು. ಚಿತ್ರ ಬಾರದ ನಮೂದುಗಳಲ್ಲಿ ಬಹುಪಾಲಿಗೆ ವಿದ್ಯಾರ್ಥಿಗಳ ಮೊಬೈಲುಗಳಲ್ಲಿ ಮೂಲ ಸಿಕ್ಕಿತು. ಸಿಗದವುಗಳ ಎದುರಿಗೆ ‘ಕಲ್ಲನ್ನು ಮತ್ತೆ ನೋಡಬೇಕು’ ಎಂದು ಬರೆದಿಟ್ಟಿದ್ದೇವೆ. ಅವುಗಳಲ್ಲಿ ಸೊರಬದ ಕಡೆಯ ಎರಡು ವೀರಗಲ್ಲುಗಳಿದ್ದ ಜಾಗದಲ್ಲಿ ಈಗ ಕೆರೆಯ ಏರಿಯನ್ನು ಎತ್ತರಿಸಿದೆಯೆಂದು ಊರಿನವರು ತಿಳಿಸಿದ್ದಾರೆ. ಬೇಸಗೆಯಲ್ಲಿ ನೀರು ಇಳಿದ ಮೇಲೆ ಹೋಗಿ ನೋಡಬೇಕಾಗಿದೆ.